ಆರೋಗ್ಯ ಶಿಬಿರದಲ್ಲಿ ಮೂಗನ್ನೂ ನೋಡಲಿ

ಮಾನ್ಯ ಸಂಪಾದಕರೇ,

ಮುಂಬಯಿಯ ಕನ್ನಡ ಸಂಘಗಳು ನಡೆಸುವ ಉಚಿತ ಆರೋಗ್ಯ ಶಿಬಿರಗಳ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಆಗಾಗ ಓದುತ್ತೇನೆ. ಬಿಪಿ, ಶುಗರ್, ಕಣ್ಣು ಎಲ್ಲ ನೋಡುತ್ತಾರೆ. ತುಂಬ ಒಳ್ಳೆಯ ಕೆಲಸ. ಆದರೆ ಮೂಗು ನೋಡುವ ಇಎನ್‌ಟಿ ಡಾಕ್ಟರು ಬಂದ ಶಿಬಿರ ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ. ಇಷ್ಟೊಂದು ಜನ ಹೋಟೆಲ್ ಕೆಲಸದಲ್ಲಿರುವ ನಮ್ಮವರಿಗೆ ಇದು ಬೇಕೇ ಬೇಕು.

ನಾನು ಪರೇಲ್‌ನ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಮೂಗಿನೊಳಗೆ ಪುಟ್ಟ ಬ್ರಷ್ ಆಡಿಸಿ ತೆಗೆದ ಸ್ಯಾಂಪಲ್‌ಗಳು ನಮ್ಮಲ್ಲಿಗೆ ಬರುತ್ತವೆ. ತಾಜಾ ಇರುವಾಗಲೇ ಒಂದು ಹನಿ ಸಲೈನ್‌ನಲ್ಲಿಟ್ಟು ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕು. ಕೋಶಗಳ ಒಂದು ಅಂಚು ಮಾತ್ರ ಬಿಡದೆ ಮಿಸುಕಾಡುತ್ತಿರುತ್ತದೆ. ಅದೇ ಸಿಲಿಯಾ. ಒಂದೊಂದು ಕೋಶದ ತಲೆಯ ಮೇಲೆ ಸುಮಾರು 200 ಎಳೆಗಳು, ಸೆಕೆಂಡಿಗೆ ಸುಮಾರು ಹತ್ತು ಸಲ, ಒಂದೇ ದಿಕ್ಕಿಗೆ ಬಡಿಯುತ್ತವೆ. ಹತ್ತಿರ ತೇಲಿ ಬಂದ ರಕ್ತದ ಕಣವನ್ನೂ ತಳ್ಳಿಬಿಡುತ್ತವೆ. ಮೂಗಿಗೆ ಹೋದ ದೂಳನ್ನು ಲೋಳೆಯ ಜೊತೆ ಗಂಟಲಿನ ಕಡೆ ಸಾಗಿಸುವುದು ಇವೇ. ಎಷ್ಟು ಸಲ ನೋಡಿದರೂ ನನಗೆ ಸಾಕು ಅನಿಸಿಲ್ಲ.

ಈ ಕೋಶಗಳು ಸವೆದು ಉದುರುತ್ತವೆ. ಅವುಗಳ ಜಾಗಕ್ಕೆ ಹೊಸವು ಹುಟ್ಟುವುದು ತಳದಲ್ಲಿರುವ ಬೇಸಲ್ ಕೋಶಗಳಿಂದ. ಡಿಎನ್‌ಎ ಎಲ್ಲದರಲ್ಲೂ ಒಂದೇ. ಯಾವ ಜೀನ್ ಎಚ್ಚರವಾಗುತ್ತದೆ, ಯಾವುದು ಸುಮ್ನೆ ಇರುತ್ತದೆ ಎನ್ನುವುದರ ಮೇಲೆ ಕೋಶದ ಹಣೆಬರಹ. ಊರಿನಿಂದ ಬಂದು ಟೇಬಲ್ ಒರೆಸುವ ಹುಡುಗ ಮುಂದೆ ಅಡುಗೆಮನೆಗೆ ಹೋಗುತ್ತಾನೋ ಗಲ್ಲಾದಲ್ಲಿ ಕೂರುತ್ತಾನೋ ಎನ್ನುವುದು ಅಕ್ಕಪಕ್ಕದವರನ್ನು ನೋಡಿಕೊಂಡಿರುತ್ತದೆ ಅಲ್ವಾ, ಇಲ್ಲೂ ಹಾಗೆಯೇ. ಪಕ್ಕದ ಕೋಶದಿಂದ ನಾಚ್ ಎಂಬ ಸಂಕೇತ ಜೋರಾಗಿ ಬಂದರೆ ಲೋಳೆ ಸುರಿಸುವ ಕೋಶವಾಗುತ್ತದೆ. ಕಡಿಮೆಯಾದರೆ ಫಾಕ್ಸ್‌ಜೆ1 ಎಂಬ ಜೀನ್ ಕೆಲಸಕ್ಕೆ ಇಳಿದು ಸಿಲಿಯಾ ಮೂಡುತ್ತದೆ.

ಅಲರ್ಜಿ ಇರುವ ಮೂಗಿನಲ್ಲಿ ಐಎಲ್-13 ಎಂಬ ಇನ್ನೊಂದು ಸಂಕೇತ ಸೇರಿಕೊಳ್ಳುತ್ತದೆ. ಆಗ ಲೋಳೆ ಕೋಶಗಳು ಜಾಸ್ತಿ, ಸಿಲಿಯಾ ಕೋಶಗಳು ಕಡಿಮೆ. ಸುರಿಯುವುದು ಹೆಚ್ಚಿತು, ಸಾಗಿಸುವವರು ಇಲ್ಲ. ವರ್ಷಗಟ್ಟಲೆ ಹೊಗೆ ಕುಡಿದ ಮೂಗಿನಲ್ಲಿ ಕೆಲವು ಕಡೆ ಸಿಲಿಯಾ ಪೂರ್ತಿ ಹೋಗಿ ಚರ್ಮದಂಥ ಚಪ್ಪಟೆ ಕೋಶಗಳು ಬಂದುಬಿಡುತ್ತವೆ.

ನಮ್ಮ ಹೋಟೆಲ್ ಹುಡುಗರ ದಿನ ನೆನೆಸಿಕೊಳ್ಳಿ. ಒಳಗೆ ಒಗ್ಗರಣೆಯ ಘಾಟು, ಎಣ್ಣೆ ಹೊಗೆ. ಹೊರಗೆ ಬಂದರೆ ಕಟ್ಟಡ ಕೆಲಸದ ದೂಳು. ಮೂಗು ಕಟ್ಟಿತು ಅಂತ ಮೆಡಿಕಲ್‌ನಿಂದ ಕೇಳಿ ಡ್ರಾಪ್ಸ್ ತರುತ್ತಾರೆ. ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗ್ ಕೆಳಗಿನ ಹೋಟೆಲಿನ ಅಣ್ಣನೊಬ್ಬರ ಅಂಗಿ ಜೇಬಿನಲ್ಲಿ ಆ ಬಾಟಲಿ ಸದಾ ಇರುತ್ತದೆ. ಜೈಲೋಮೆಟಾಜೋಲಿನ್ ಥರದ ಡ್ರಾಪ್ಸ್ ರಕ್ತನಾಳಗಳನ್ನು ಬಿಗಿಮಾಡಿ ಮೂಗು ಬಿಡಿಸುತ್ತವೆ. ಒಂದು ವಾರ ದಾಟಿಸಿದರೆ ಒಳಪೊರೆ ಮತ್ತೆ ಊದಿಕೊಂಡು ಆ ಡ್ರಾಪ್ಸ್ ಇಲ್ಲದೆ ಮೂಗೇ ಬಿಡದಂತಾಗುತ್ತದೆ. ಇದನ್ನು ಅವರಿಗೆ ಯಾರೂ ಹೇಳಿಲ್ಲ. ನನಗೆ ಸಂಕಟವಾಗುವುದು ಅದಕ್ಕೇ.

ಸರಿಹೋಗುವ ದಾರಿ ಇದ್ದೇ ಇದೆ. ಬೇಸಲ್ ಕೋಶಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ, ಮೇಲ್ಭಾಗಕ್ಕೆ ಗಾಳಿ ತಾಗುವಂತೆ ಇಟ್ಟರೆ ಮೂರು ನಾಲ್ಕು ವಾರದಲ್ಲಿ ಅವು ಮತ್ತೆ ಸಿಲಿಯಾ ಬೆಳೆಸಿಕೊಂಡು ಬಡಿಯತೊಡಗುತ್ತವೆ. ಕೆರಳಿಸುವುದನ್ನು ನಿಲ್ಲಿಸಿ, ಸರಿಯಾದ ಔಷಧಿ ಸಿಕ್ಕರೆ ಮೂಗಿನೊಳಗೂ ಎಷ್ಟೋ ಮಟ್ಟಿಗೆ ಅದು ಆಗುತ್ತದೆ.

ಹಾಗಾಗಿ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ. ಮುಂದಿನ ಶಿಬಿರಕ್ಕೆ ಒಬ್ಬ ಇಎನ್‌ಟಿ ಡಾಕ್ಟರನ್ನು ಕರೆಯಿರಿ. ಭಾನುವಾರ ಬೆಳಿಗ್ಗೆ ಇಟ್ಟರೆ ಹೋಟೆಲಿನವರು ಬರಲಾರರು, ಅವರಿಗೆ ಅದೇ ಗಿರಾಕಿಯ ಹೊತ್ತು. ವಾರದ ನಡುವೆ, ಊಟದ ಗಲಾಟೆ ಮುಗಿದ ಮೇಲೆ, ಮೂರರಿಂದ ಐದು ಗಂಟೆಯೊಳಗೆ ಇಡಿ. ಜೇಬಿನಲ್ಲಿರುವ ಡ್ರಾಪ್ಸ್ ಬಾಟಲಿಯನ್ನೂ ತರಲು ಹೇಳಿ.

– ಒಬ್ಬ ಲ್ಯಾಬ್ ಟೆಕ್ನಿಷಿಯನ್, ಡೊಂಬಿವಲಿ ಪೂರ್ವ