ಕಾಗದ ಜೋಪಾನ ಮಾಡಿದವರಿಗೆ ಶರಣು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಬಂದಾದ ವಿಡಿಯೋ ಲೈಬ್ರರಿಗಳಿಂದ ಉಳಿದುಬಂದ ಹಳೆಯ ಡಬ್ಬಿಂಗ್ ಮಾನ್‌ಸ್ಟರ್ ಸಿನಿಮಾಗಳ ಹಕ್ಕು ಯಾರದೆಂದು ನಾವು ಬರೆದಿಡುತ್ತಿದ್ದ ದಫ್ತರ ಕೊನೆಗೂ ಮುಗಿದಿದೆ. ಯಾವ ಕ್ಯಾಸೆಟ್ಟಿನಲ್ಲಿ ಯಾವ ಆವೃತ್ತಿ ಇದೆ, ಅದನ್ನು ಭಾರತದಲ್ಲಿ ಹೋಮ್ ವಿಡಿಯೋ ಮಾಡಿ ಮಾರಲು ಯಾರು ಯಾರಿಗೆ ಬರೆದುಕೊಟ್ಟಿದ್ದರು, ಆ ಕರಾರಿನ ಅವಧಿ ಇನ್ನೂ ಇದೆಯೋ ಮುಗಿದಿದೆಯೋ ಎಂಬುದೆಲ್ಲ ಸಿನಿಮಾಕ್ಕೊಂದು ಹಾಳೆಯಂತೆ ಬರೆದಾಗಿದೆ. ನಾಳೆ ಯಾರಾದರೂ ಈ ಸಿನಿಮಾಗಳನ್ನು ಕಾಯ್ದೆಶೀರ ಡಿಸ್ಕ್ ಮಾಡಿ ತರುತ್ತೇವೆಂದು ಮುಂದೆ ಬಂದರೆ, ಮೊದಲ ಪತ್ರ ಯಾರಿಗೆ ಬರೆಯಬೇಕು ಎಂದು ತಡಕಾಡಬೇಕಿಲ್ಲ.

ಕ್ಯಾಸೆಟ್ ಕೊಟ್ಟವರು ಬಹಳ ಮಂದಿ, ಅವರಿಗೆಲ್ಲ ಶರಣು. ಆದರೆ ಕ್ಯಾಸೆಟ್ಟಿನ ಕವರು, ಖರೀದಿಯ ಬಿಲ್ಲು, ಕರಾರಿನ ಝೆರಾಕ್ಸು, ಇವನ್ನು ರದ್ದಿಗೆ ಹಾಕದೆ ಇಟ್ಟುಕೊಂಡವರ ಋಣ ಇನ್ನೂ ದೊಡ್ಡದು. ಯಾಕೆ ದೊಡ್ಡದು ಎಂಬುದನ್ನು ಬಿಡಿಸಿ ಹೇಳದಿದ್ದರೆ ಬರೀ ‘ಧನ್ಯವಾದ’ ಎಂದು ಬರೆದು ಏನು ಉಪಯೋಗ?

ಡಬ್ ಆದ ಸಿನಿಮಾದಲ್ಲಿ ಇರುವುದು ಒಂದೇ ಹಕ್ಕಲ್ಲ. ಜಪಾನಿನ ತೋಹೋ ಕಂಪನಿ 1954ರಲ್ಲಿ ತಂದ ಗಾಡ್ಜಿಲ್ಲಾ ಎಂಬ ದೈತ್ಯ ಪ್ರಾಣಿಯ ಮೊದಲ ಚಿತ್ರ 96 ನಿಮಿಷದ್ದು. ಅದಕ್ಕೆ ರೇಮಂಡ್ ಬರ್ ಎಂಬ ನಟನ ಹೊಸ ದೃಶ್ಯಗಳನ್ನು ಸೇರಿಸಿ, ಮೂಲದ ಎಷ್ಟೋ ಭಾಗ ಕತ್ತರಿಸಿ, ಇಂಗ್ಲಿಷ್ ಮಾತು ಹಾಕಿ ಅಮೆರಿಕದಲ್ಲಿ 1956ರಲ್ಲಿ ಬಿಟ್ಟದ್ದು 80 ನಿಮಿಷದ್ದು. ಹಕ್ಕಿನ ಲೆಕ್ಕದಲ್ಲಿ ಇವು ಎರಡು ಬೇರೆ ಚಿತ್ರಗಳು. ಆ ಇಂಗ್ಲಿಷ್ ಆವೃತ್ತಿಯ ಮೇಲೆ ಯಾರೋ ಹಿಂದಿ ಮಾತು ಕೂರಿಸಿದರೆ ಮೂರನೆಯದು ಹುಟ್ಟಿತು. ಚಿತ್ರ ಒಬ್ಬರದು, ಕತ್ತರಿಸಿ ಕಟ್ಟಿದ ರೂಪ ಇನ್ನೊಬ್ಬರದು, ಹಿಂದಿ ಸಂಭಾಷಣೆ ಬರೆದವರು ಮತ್ತೊಬ್ಬರು, ಸಂಗೀತ ಬೇರೆಯವರದು.

ಇದು ಬರೀ ವಕೀಲರ ಮಾತಲ್ಲ, ಅಂಗಡಿಗೆ ಬರುವ ಡಿಸ್ಕಿನಲ್ಲೇ ಕಾಣುತ್ತದೆ. 1954ರಿಂದ 1975ರವರೆಗಿನ 15 ಗಾಡ್ಜಿಲ್ಲಾ ಚಿತ್ರಗಳನ್ನು ಅಮೆರಿಕದ ಕ್ರೈಟೀರಿಯನ್ ಕಂಪನಿ 2019ರಲ್ಲಿ ಒಂದೇ ಪೆಟ್ಟಿಗೆಯಲ್ಲಿ ತಂದಿತು. ಅದರಲ್ಲಿ ಕಿಂಗ್ ಕಾಂಗ್ ಜೊತೆಗಿನ 1962ರ ಚಿತ್ರಕ್ಕೆ ಮುಖ್ಯ ಜಾಗ ಸಿಕ್ಕಿದ್ದು ಯೂನಿವರ್ಸಲ್ ಕಂಪನಿಯ ಕೈಯಲ್ಲಿದ್ದ ಅಮೆರಿಕನ್ ಆವೃತ್ತಿಗೆ. ಜಪಾನಿ ಮೂಲ ಹೆಚ್ಚುವರಿ ಡಿಸ್ಕಿಗೆ ಹೋಯಿತು. ಇನ್ನು 1984ರ ಗಾಡ್ಜಿಲ್ಲಾ ಚಿತ್ರ ಅಲ್ಲಿ 2016ರಲ್ಲಿ ಬ್ಲೂ-ರೇ ಆಗಿ ಬಂದಾಗ, ಅದೇ ಚಿತ್ರವನ್ನು ಕತ್ತರಿಸಿ ರೇಮಂಡ್ ಬರ್ ಅವರನ್ನೇ ಮತ್ತೆ ಸೇರಿಸಿ 1985ರಲ್ಲಿ ಬಿಟ್ಟಿದ್ದ ಆವೃತ್ತಿ ಅದರಲ್ಲಿ ಇರಲಿಲ್ಲ. ಮೂಲದ ಲೈಸೆನ್ಸ್ ಸಿಕ್ಕರೆ ಡಬ್ಬಿಂಗ್ ತಾನಾಗಿ ಕೈಗೆ ಬರುವುದಿಲ್ಲ. ನಮ್ಮ ದಫ್ತರದ ಪ್ರತಿ ಹಾಳೆಯಲ್ಲಿ ಚಿತ್ರಕ್ಕೆ, ಮರುಜೋಡಣೆಗೆ, ಡಬ್ಬಿಂಗ್ ಸಂಭಾಷಣೆಗೆ, ಸಂಗೀತಕ್ಕೆ ಬೇರೆ ಬೇರೆ ಅಂಕಣ ಇಟ್ಟದ್ದು ಇದಕ್ಕೇ. ಈ ಅಂಕಣಗಳನ್ನು ಹಾಕಿಕೊಟ್ಟ ಬೆಳಗಾವಿ ಕೋರ್ಟಿನ ವಕೀಲ ಸಾಹೇಬರು ಫೀ ತಗೊಳ್ಳಲಿಲ್ಲ, ಹೆಸರೂ ಹಾಕಬೇಡಿ ಅಂದರು. ಸಾಹೇಬರ ಉಪಕಾರ ಮರೆಯುವಂಥದ್ದಲ್ಲ.

ಅವರು ಕಲಿಸಿದ್ದನ್ನು ಇಲ್ಲಿ ಬರೆದಿಟ್ಟರೆ ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಈ ಲೆಕ್ಕ ಹಿಡಿದು 1954ರ ಚಿತ್ರದ ಅವಧಿ 2014ಕ್ಕೇ ಮುಗಿಯಿತು, ಇನ್ನು ಯಾರು ಬೇಕಾದರೂ ಮಾರಬಹುದು ಎಂದು ಹೇಳುವವರು ಸಿಗುತ್ತಾರೆ. ಅವರ ಮಾತು ನಂಬಿ ಡಿಸ್ಕ್ ಒತ್ತಿಸಬೇಡಿ. ಸಂಗೀತ, ಚಿತ್ರಕಥೆ, ಸಂಭಾಷಣೆಗಳ ಅವಧಿ ಅವನ್ನು ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ. ಆ ಚಿತ್ರದ ಸಂಗೀತಗಾರ ಅಕಿರಾ ಇಫುಕುಬೆ ತೀರಿಕೊಂಡದ್ದು 2006ರಲ್ಲಿ, ಅಂದರೆ ಆ ಸಂಗೀತದ ಹಕ್ಕು ಇಲ್ಲಿ 2066ರ ಕೊನೆಯವರೆಗೂ ಇದೆ. ಗುಡುಗಿನಂಥ ಆ ಹೆಜ್ಜೆಯ ಲಯ ತೆಗೆದು ಆ ಸಿನಿಮಾ ನೋಡುವುದುಂಟೆ? ಅಮೆರಿಕದ ಲೆಕ್ಕ ಇನ್ನೂ ಬೇರೆ, ಅಲ್ಲಿ 95 ವರ್ಷ. 1954ರ ಚಿತ್ರದ ಹಕ್ಕು 2049ರವರೆಗೆ ಉಳಿಯುತ್ತದೆ. ಆದ್ದರಿಂದ ಇಂಟರ್‌ನೆಟ್ಟಿಗೆ ಏರಿಸಿದ ಕೂಡಲೇ ಬೆಳಗಾವಿಯ ಲೆಕ್ಕ ಕೆಲಸಕ್ಕೆ ಬರುವುದಿಲ್ಲ.

ಕರಾರು ಓದುವಾಗ ಮೊದಲು ನೋಡಬೇಕಾದ್ದು ತಾರೀಖು. 1995ರ ಮೇ 10ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಎಂದೇ ಅರ್ಥ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದಲ್ಲಿ, ಅದು ಬಿದ್ದುಹೋಗುತ್ತದೆ. 2012ರ ತಿದ್ದುಪಡಿ ಬಂದ ಮೇಲೆ, ಬರೆದುಕೊಡುವ ಹೊತ್ತಿಗೆ ಚಾಲ್ತಿಯಲ್ಲಿಲ್ಲದ ಮಾಧ್ಯಮಕ್ಕೆ ಆ ಹಕ್ಕು ಹಿಗ್ಗುವುದಿಲ್ಲ, ಅದರ ಹೆಸರು ಹಿಡಿದು ಬರೆದಿದ್ದರೆ ಮಾತ್ರ ಸೇರುತ್ತದೆ. ಹಳೆಯ ಪತ್ರಗಳಲ್ಲಂತೂ ಒಂದೊಂದು ಶಬ್ದ ನೋಡಬೇಕು. ‘ವಿಡಿಯೋ ಕ್ಯಾಸೆಟ್’ ಎಂದಿದ್ದರೆ ಅದನ್ನು ವಿಸಿಡಿಗೂ ಡಿವಿಡಿಗೂ ಎಳೆಯುವುದು ಜಗಳಕ್ಕೆ ದಾರಿ. ‘ಸಮಸ್ತ ಹಕ್ಕುಗಳು’ ಎಂದು ಬರೆದು ಭಾಷೆ ಹೇಳದೆ ಬಿಟ್ಟ ಪತ್ರಗಳೂ ಬಂದವು, ಅವಕ್ಕೆ ದಫ್ತರದಲ್ಲಿ ಕೆಂಪು ಗುರುತು ಹಾಕಿದೆ.

ಬಾಗಲಕೋಟೆಯವರಿಗೆ ಇಲ್ಲಿ ವಿಶೇಷವಾಗಿ ನಮಸ್ಕರಿಸಬೇಕು. ಆಲಮಟ್ಟಿ ಹಿನ್ನೀರು ಬಂದು ಹಳೆ ಊರಿನ ಅಂಗಡಿ ಮನೆ ಬಿಟ್ಟು ನವನಗರಕ್ಕೆ ಸಾಮಾನು ಸಾಗಿಸುವಾಗ, ಬಾಡಿಗೆ ಪುಸ್ತಕ ಮತ್ತು ಬಿಲ್ಲಿನ ಕಟ್ಟನ್ನು ಯಾರು ತಾನೇ ಹೊತ್ತೊಯ್ಯುತ್ತಾರೆ? ಕೆಲವು ಮನೆಯವರು ಒಯ್ದಿದ್ದರು. ಟ್ರಂಕಿನ ತಳದಿಂದ ಬಂದ ಆ ಬಿಲ್ಲುಗಳಲ್ಲಿ ಮುಂಬೈಯ ಯಾವ ಕಂಪನಿಯಿಂದ ಯಾವ ತಾರೀಖಿಗೆ ಕ್ಯಾಸೆಟ್ ಬಂತು ಎಂಬುದಿತ್ತು, ಅದರಿಂದಲೇ ಹಕ್ಕಿನ ಸರಪಳಿ ಕೂಡಿತು. ಆ ಕಾಕಾಗಳಿಗೂ, ‘ಅವರದ ನೆನಪು’ ಅಂತ ಗಂಡನ ಪುಸ್ತಕ ಕಾದಿಟ್ಟ ಅಕ್ಕೋರಿಗೂ ನಾವು ಸದಾ ಋಣಿ.

ಕ್ಯಾಸೆಟ್ಟಿನ ಕವರಿಗೆ ಯಾಕೆ ಅಷ್ಟು ಬೆಲೆ ಎಂದರೆ, 1984ರ ಅಕ್ಟೋಬರ್ 8ರಿಂದ ಕಾಪಿರೈಟ್ ಕಾಯ್ದೆಯ ಕಲಂ 52ಎ ಜಾರಿಯಲ್ಲಿದೆ. ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ವಿಡಿಯೋ ಮಾಡಿದವರ ಹೆಸರು ವಿಳಾಸ, ಮೂಲ ಮಾಲಕರಿಂದ ಅನುಮತಿ ಪಡೆದಿದ್ದೇವೆಂಬ ಘೋಷಣೆ, ಮಾಲಕರ ಹೆಸರು ವಿಳಾಸ, ಇಷ್ಟೂ ವಿಡಿಯೋದಲ್ಲೂ ಕವರಿನ ಮೇಲೂ ಇರಬೇಕು. ಅಂದಮೇಲೆ ಕವರೇ ಒಂದು ಸಾಕ್ಷಿ. ಅದರಲ್ಲಿ ಮಾಲಕರ ಹೆಸರು ಇಲ್ಲದಿದ್ದರೆ ಕಳ್ಳ ಕಾಪಿ ಇರಬಹುದು ಎಂಬ ಗುಮಾನಿ ಹಾಳೆಯಲ್ಲಿ ದಾಖಲಾಗುತ್ತದೆ. ‘ಮನೆ ವೀಕ್ಷಣೆಗೆ ಮಾತ್ರ’ ಎಂಬ ಸಾಲು ಇದ್ದರೆ ಊರ ಜಾತ್ರೆಯಲ್ಲಿ ಪರದೆ ಕಟ್ಟಿ ತೋರಿಸಲು ಅದು ಒಪ್ಪಿಗೆಯಲ್ಲ, ಸಾರ್ವಜನಿಕ ಪ್ರದರ್ಶನದ ಹಕ್ಕು ಬೇರೆಯೇ.

ಕ್ಯಾಸೆಟ್ಟಿನ ಶುರುವಿಗೆ ಬರುವ ಸೆನ್ಸಾರ್ ಪ್ರಮಾಣಪತ್ರ ನಮಗೆ ಸಿಕ್ಕ ಅತ್ಯಂತ ದೊಡ್ಡ ಸಹಾಯ. ಅದರಲ್ಲಿ ರೀಲುಗಳ ಸಂಖ್ಯೆ, ಮೀಟರಿನಲ್ಲಿ ಉದ್ದ ಇರುತ್ತದೆ. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ, ಅಂದಾಜು 27.4 ಮೀಟರ್ ಓಡುತ್ತದೆ. ಮೊದಲ ಗಾಡ್ಜಿಲ್ಲಾದ ಉದ್ದ 2,630 ಮೀಟರಿನ ಆಸುಪಾಸು ಇದ್ದರೆ 96 ನಿಮಿಷದ ಜಪಾನಿ ರೂಪ, 2,195ರ ಹತ್ತಿರ ಇದ್ದರೆ 80 ನಿಮಿಷದ ಅಮೆರಿಕನ್ ರೂಪ. ಕವರಿನ ಚಿತ್ರ ನೋಡಿ ಹೇಳಲಾಗದ್ದನ್ನು ಈ ಒಂದು ಅಂಕಿ ಹೇಳುತ್ತದೆ. ಆದರೆ ಅದನ್ನು ಓದಲು ವಿಸಿಆರ್‌ನಲ್ಲಿ ಪಾಜ್ ಒತ್ತಬಾರದು. ಟೇಪು ಓದುವ ಹೆಡ್ಡು ಅದರ ಒಂದೇ ಜಾಗವನ್ನು ಉಜ್ಜುತ್ತಾ ನಿಲ್ಲುತ್ತದೆ, ಚಿತ್ರವೂ ನಡುಗುತ್ತದೆ. ಮೊದಲು ಪೂರ್ತಿ ಕಂಪ್ಯೂಟರಿಗೆ ಇಳಿಸಿ, ಆಮೇಲೆ ಆ ಕೆಲವು ಸೆಕೆಂಡುಗಳ ಫ್ರೇಮುಗಳನ್ನು ಒಂದರ ಮೇಲೊಂದು ಸೇರಿಸಿ ಸರಾಸರಿ ತೆಗೆದರೆ ಮಸುಕು ಅಕ್ಷರ ಎದ್ದು ಬರುತ್ತದೆ. ಈ ಉಪಾಯ ತೋರಿಸಿಕೊಟ್ಟ ವಿಜಯಪುರದ ತಮ್ಮನಿಗೆ ನಮ್ಮ ಪ್ರೀತಿಯ ವಂದನೆ.

ಕ್ಯಾಸೆಟ್ಟಿನ ನಿಮಿಷ ಎಣಿಸಿ ಆವೃತ್ತಿ ಹೇಳುವವರು ಇನ್ನೊಂದು ವಿಷಯ ಗಮನಿಸಬೇಕು. ಸಿನಿಮಾ ಸೆಕೆಂಡಿಗೆ 24 ಫ್ರೇಮು, ನಮ್ಮ ದೇಶದ ಟಿವಿಯ ಪಾಲ್ (PAL) ಪದ್ಧತಿಯ ವಿಡಿಯೋ 25. ಹೀಗಾಗಿ 80 ನಿಮಿಷದ ಚಿತ್ರ ಕ್ಯಾಸೆಟ್ಟಿನಲ್ಲಿ 76 ನಿಮಿಷ 48 ಸೆಕೆಂಡಿಗೆ ಮುಗಿಯುತ್ತದೆ. ಕತ್ತರಿ ಬಿದ್ದಿದೆ ಎಂದು ಗಾಬರಿ ಆಗಬೇಡಿ. ಅದೇ ಕಾರಣಕ್ಕೆ ಹಿಂದಿ ಧ್ವನಿಯನ್ನು ಹೊಸ ಡಿಸ್ಕಿನ ಚಿತ್ರಕ್ಕೆ ಹೊಂದಿಸುವಾಗ ಅದರ ವೇಗವನ್ನು ನೂರಕ್ಕೆ 96ಕ್ಕೆ ಇಳಿಸಬೇಕು, ಇಲ್ಲದಿದ್ದರೆ ಐದೇ ನಿಮಿಷದಲ್ಲಿ ಮಾತು 12 ಸೆಕೆಂಡು ಮುಂದೆ ಓಡಿರುತ್ತದೆ.

ಬೆಳಗಾವಿಯ ಮಳೆಗಾಲ ಕಂಡ ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿದಿತ್ತು. ಸುರುಳಿಯ ಅಂಚಿನಲ್ಲಿ ಬಿಳಿ ಚುಕ್ಕೆ ಕಂಡರೆ ವಿಸಿಆರ್‌ಗೆ ಹಾಕಲೇಬಾರದು. ಒಂದರ ಬೂಸ್ಟು ಹೆಡ್ಡಿಗೆ ಅಂಟಿ ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ಹಿಂಬದಿಯ ಐದು ಸ್ಕ್ರೂ ಬಿಚ್ಚಿ, ಸುರುಳಿ ಹೊರತೆಗೆದು, ಒಣಗಿಸಿ, ಬೂಸ್ಟು ಒರೆಸಿ, ಬೇರೆ ಸ್ವಚ್ಛ ಶೆಲ್ಲಿಗೆ ಹಾಕಬೇಕು. ಹೆಡ್ಡು ಒರೆಸಲು ಹತ್ತಿ ಕಡ್ಡಿ ಬೇಡ, ಎಳೆ ಸಿಕ್ಕಿ ಹೆಡ್ಡಿನ ತುದಿ ಮುರಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆತ್ತನೆ ಚರ್ಮದ ತುಂಡನ್ನು ಹೆಡ್ಡಿಗೆ ತಾಗಿಸಿ ಹಿಡಿದು, ಹೆಡ್ಡು ಕೂತಿರುವ ಡ್ರಮ್ಮನ್ನು ಕೈಯಿಂದ ಅಡ್ಡಕ್ಕೆ ತಿರುಗಿಸಬೇಕು, ಮೇಲೆ ಕೆಳಗೆ ಉಜ್ಜಬಾರದು. ಈ ಕೆಲಸವನ್ನು ಮುಖದ ಮಾಸ್ಕ್ ಕಟ್ಟಿಕೊಂಡು ಮಾಡಿಕೊಟ್ಟ ಖಡೇಬಜಾರದ ಟಿವಿ ರಿಪೇರಿ ಮಾಮಾ ಅವರ ಕೈಗುಣ ದೊಡ್ಡದು.

ಗಮೇರಾ ಎಂಬ ಹಾರುವ ಆಮೆಯ ಚಿತ್ರಗಳ ಹಾಳೆ ತುಂಬಿದ್ದು ಜಪಾನಿ ಓದಬಲ್ಲ ಗೆಳತಿಯೊಬ್ಬರಿಂದ. 1965ರಲ್ಲಿ ಅದನ್ನು ತಂದ ದಾಯೆಯ್ ಕಂಪನಿ 1971ರಲ್ಲಿ ದಿವಾಳಿಯಾಯಿತು, ಅದರ ಚಿತ್ರಗಳ ಭಂಡಾರ 2002ರಲ್ಲಿ ಕಡೊಕಾವಾ ಎಂಬ ಕಂಪನಿಯ ಪಾಲಾಯಿತು. ಕವರಿನ ಮೇಲಿನ ಹಳೆಯ ವಿಳಾಸಕ್ಕೆ ಪತ್ರ ಬರೆದರೆ ಉತ್ತರ ಎಲ್ಲಿಂದ ಬರಬೇಕು? ಮಾಲಕರು ಸಿಗದೇ ಹೋದ ಡಬ್ಬಿಂಗ್ ಸಂಭಾಷಣೆಗೆ ಕಲಂ 31ಎ ಒಂದು ದಾರಿ ಇಟ್ಟಿದೆ. ದೇಶದ ಹೆಚ್ಚಿನ ಭಾಗದಲ್ಲಿ ಓಡಾಡುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಮೇಲೆ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಹುಡುಕಿದ್ದಕ್ಕೆ ಪುರಾವೆ ಬೇಕಾಗುತ್ತದೆ, ವಾಪಸ್ ಬಂದ ಪತ್ರದ ಲಕೋಟೆಯನ್ನೂ ಒಡೆಯದೆ ಇಡಬೇಕು.

ದಫ್ತರದಲ್ಲಿ ಕನ್ನಡ ಡಬ್ಬಿಂಗಿನ ಹಾಳೆ ಒಂದೂ ಇಲ್ಲ. ಆ ಕಾಲದಲ್ಲಿ ಕನ್ನಡಕ್ಕೆ ಡಬ್ ಮಾಡಲು ಚಿತ್ರರಂಗದಲ್ಲಿ ಅಘೋಷಿತ ತಡೆ ಇತ್ತು. ಭಾರತದ ಸ್ಪರ್ಧಾ ಆಯೋಗ 2015ರಲ್ಲಿ ಆ ತಡೆಯ ವಿರುದ್ಧ ಆದೇಶ ಕೊಟ್ಟು ದಂಡ ಹಾಕಿತು. ಈಗ ಕನ್ನಡದಲ್ಲಿ ತರಲು ಅಡ್ಡಿಯಿಲ್ಲ, ಆದರೆ ಭಾಷೆಯ ಹಕ್ಕನ್ನು ಹೆಸರು ಹಿಡಿದು ಬರೆಸಿಕೊಳ್ಳಬೇಕು, ಡಬ್ ಆದ ರೂಪಕ್ಕೂ ಸೆನ್ಸಾರ್ ಪ್ರಮಾಣಪತ್ರ ಬೇಕು. ಜಪಾನಿಗೆ ಕಳಿಸುವ ರಾಯಲ್ಟಿಯಲ್ಲಿ ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಶೇ 10 ಹಿಡಿಯಬೇಕು. ಅಲ್ಲಿನವರ ತೆರಿಗೆ ನಿವಾಸ ಪ್ರಮಾಣಪತ್ರ ಮೊದಲೇ ತರಿಸಿಕೊಳ್ಳದಿದ್ದರೆ ಬ್ಯಾಂಕಿನಲ್ಲಿ ಹಣ ನಿಂತುಬಿಡುತ್ತದೆ. ಇದನ್ನು ತಾಳ್ಮೆಯಿಂದ ತಿಳಿಸಿದ ತಿಲಕವಾಡಿಯ ಲೆಕ್ಕಪರಿಶೋಧಕ ಅಕ್ಕನಿಗೆ ಧನ್ಯವಾದ. ಗಾಡ್ಜಿಲ್ಲಾ ಕನ್ನಡದ ಊರಿನಲ್ಲಿ ಕನ್ನಡದ ಕೂಗು ಕೇಳಿಸಿಕೊಂಡು ಓಡಾಡಬೇಕೆಂಬ ಆಸೆ ನಮ್ಮೆಲ್ಲರದು.

ಕ್ಯಾಸೆಟ್ಟುಗಳನ್ನು ಅವರವರ ಮನೆಗೆ ಮರಳಿಸುತ್ತಿದ್ದೇವೆ. ಕೊನೆಯವರೆಗೆ ಸುತ್ತಿ ಕೊಟ್ಟಿದ್ದೇವೆ, ಪುಸ್ತಕದಂತೆ ನಿಲ್ಲಿಸಿ, ತುಂಬಿದ ಸುರುಳಿ ಕೆಳಗೆ ಬರುವಂತೆ ಇಡಿ. ಸ್ಪೀಕರಿನ ಹತ್ತಿರ ಬೇಡ. ಕವರಿನ ಕಾಗದವನ್ನು ತೆಗೆದು ಬೇರೆ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿದ್ದೇವೆ, ಒದ್ದೆ ಕಾಗದದಿಂದಲೂ ಟೇಪಿಗೆ ಬೂಸ್ಟು ಬರುತ್ತದೆ. ಇನ್ನೂ ಯಾರ ಮನೆಯಲ್ಲಾದರೂ ಇಂಥ ಬಿಲ್ಲು, ಕರಾರು, ಬಾಡಿಗೆ ಪುಸ್ತಕ ಇದ್ದರೆ ಮೂಲ ನಿಮ್ಮಲ್ಲೇ ಇರಲಿ. ಎರಡೂ ಬದಿಯ ಫೋಟೋ ತೆಗೆಯಲು ಬಿಟ್ಟರೆ ಸಾಕು, ಅಂಚಿನಲ್ಲಿರುವ ಶಿಕ್ಕಾ (ಮೊಹರು) ಮಾತ್ರ ಫೋಟೋದಲ್ಲಿ ಕತ್ತರಿಸಿ ಹೋಗದಂತೆ ನೋಡಿಕೊಳ್ಳುತ್ತೇವೆ.