ಗ್ಯಾರೇಜ್ ನೆಲದ ಬಿಸಿ: ಕಾಂಕ್ರೀಟ್ ಬೀಳುವ ಮೊದಲೇ ತೀರ್ಮಾನವಾಗಬೇಕು

ಸಂಪಾದಕರಿಗೆ,

ಮಾನ್ಯರೇ,

ಹೊರನಾಡ ಕನ್ನಡಿಗರು ಚಳಿ ಪ್ರದೇಶಗಳಲ್ಲಿ ಮನೆ ಕಟ್ಟಿಸುವ ಕುರಿತು ನಿಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಹುಪಾಲು ವಿಷಯಗಳಲ್ಲಿ ಅದು ಉಪಯುಕ್ತವಾಗಿದೆ. ಆದರೆ ಗ್ಯಾರೇಜಿನ ನೆಲವನ್ನು ಬಿಸಿಯಾಗಿಡುವ ವ್ಯವಸ್ಥೆಯನ್ನು, ಕೈಯಲ್ಲಿ ಹಣ ಉಳಿದರೆ ಮುಂದೆ ಯಾವಾಗ ಬೇಕಾದರೂ ಹಾಕಿಸಿಕೊಳ್ಳಬಹುದಾದ ಐಷಾರಾಮವೆಂದು ಒಂದೇ ವಾಕ್ಯದಲ್ಲಿ ಮುಗಿಸಿರುವುದನ್ನು ಒಪ್ಪಲಾಗದು. ಅಮೆರಿಕದ ಮಿನೆಸೋಟದಲ್ಲಿ ಹೊಸ ಮನೆ ಕಟ್ಟಿಸಿ, ಅದರ ಗ್ಯಾರೇಜಿಗೆ ಈ ವ್ಯವಸ್ಥೆಯನ್ನು ಹಾಕಿಸಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಈ ವ್ಯವಸ್ಥೆಯಲ್ಲಿ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪನ್ನು ಕಾಂಕ್ರೀಟ್ ನೆಲದ ಒಳಗೇ ಹುದುಗಿಸಿ, ಅದರಲ್ಲಿ ಬಿಸಿ ನೀರನ್ನು ಸುತ್ತಿಸಲಾಗುತ್ತದೆ. ನೀರು ಕುದಿಯುವಷ್ಟು ಬಿಸಿಯಿರಬೇಕಿಲ್ಲ, 35ರಿಂದ 50 ಡಿಗ್ರಿ ಸೆಲ್ಸಿಯಸ್ ಸಾಕು. ಪೈಪಿನ ಕೆಳಗೆ ಶಾಖ ಸೋರದಂತೆ ತಡೆಯುವ ಇನ್ಸುಲೇಷನ್ ಹಲಗೆ, ಅದರ ಕೆಳಗೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ, ಅದಕ್ಕೂ ಕೆಳಗೆ ದಮ್ಮಸ್ಸು ಮಾಡಿದ ಜಲ್ಲಿ ಇರುತ್ತವೆ. ಇವೆಲ್ಲ ಕಾಂಕ್ರೀಟ್ ಸುರಿಯುವ ಮುನ್ನ ಸೇರಬೇಕಾದವು. ಒಮ್ಮೆ ನೆಲ ಗಟ್ಟಿಯಾದ ಮೇಲೆ ಇವುಗಳಲ್ಲಿ ಯಾವುದನ್ನೂ ಸೇರಿಸಲಾಗದು. ನೆಲ ಒಡೆಯಬೇಕು, ಇಲ್ಲವೇ ಹಳೆಯ ನೆಲದ ಮೇಲೆ ಹೊಸ ಪದರ ಹಾಕಿ ಬಾಗಿಲಿನ ಎತ್ತರ, ನೀರಿನ ಇಳಿಜಾರು, ಮನೆಯೊಳಗೆ ಹೋಗುವ ಮೆಟ್ಟಿಲು ಎಲ್ಲವನ್ನೂ ಬದಲಿಸಬೇಕು. ನೀರು ಕಾಯಿಸುವ ಬಾಯ್ಲರನ್ನು ಮಾತ್ರ ಯಾವಾಗ ಬೇಕಾದರೂ ತರಬಹುದು. ಹಣದ ಅಡಚಣೆ ಇರುವವರು ಪೈಪು ಮತ್ತು ಇನ್ಸುಲೇಷನ್ ಹಾಕಿಸಿ, ಪೈಪಿನ ತುದಿಗಳಿಗೆ ಮುಚ್ಚಳ ಬಿಗಿದು, ಬಿಸಿಲು ತಾಗದಂತೆ ಮುಚ್ಚಿಟ್ಟು, ಒಳಗೆ ನೀರು ತುಂಬದೆ ಕೆಲವು ವರ್ಷ ಕಾಯಬಹುದು. ಲೇಖನ ಈ ದಾರಿಯನ್ನೇ ತೋರಿಸಬೇಕಿತ್ತು.

ಎರಡು ಕಾರು ನಿಲ್ಲುವ, 24 ಅಡಿ ಉದ್ದ 24 ಅಡಿ ಅಗಲದ ಗ್ಯಾರೇಜನ್ನು ತೆಗೆದುಕೊಳ್ಳೋಣ. ಅಡಿಗೊಂದು ಸಾಲಿನಂತೆ ಪೈಪು ಹಾಸಿದರೆ ಸುಮಾರು 576 ಅಡಿ ಬೇಕಾಗುತ್ತದೆ. ಅರ್ಧ ಇಂಚಿನ ಪೈಪಿನಲ್ಲಿ ಒಂದು ಸುತ್ತು 300 ಅಡಿ ಮೀರಬಾರದು, ಮೀರಿದರೆ ನೀರು ಕೊನೆ ಮುಟ್ಟುವಷ್ಟರಲ್ಲಿ ತಣ್ಣಗಾಗುತ್ತದೆ, ಪಂಪಿಗೂ ಹೊರೆಯಾಗುತ್ತದೆ. ಹಾಗಾಗಿ ಎರಡು ಸುತ್ತುಗಳಾಗಿ ಹಂಚುವುದು ವಾಡಿಕೆ. ನೀರಿಗೆ ಆಮ್ಲಜನಕ ಸೇರಿ ಬಾಯ್ಲರಿನ ಕಬ್ಬಿಣದ ಭಾಗಗಳು ತುಕ್ಕು ಹಿಡಿಯದಿರಲು, ಆಮ್ಲಜನಕ ತಡೆಯುವ ಪದರವಿರುವ ಪೈಪನ್ನೇ ಕೇಳಿ ಪಡೆಯಬೇಕು. ಎರಡನೇ ಮಹಾಯುದ್ಧದ ನಂತರ ನ್ಯೂಯಾರ್ಕಿನ ಲೆವಿಟೌನಿನಲ್ಲಿ ಕಟ್ಟಿದ ಮನೆಗಳ ನೆಲದಲ್ಲಿ ತಾಮ್ರದ ಪೈಪು ಹುದುಗಿಸಿದ್ದರು. ಕಾಲಕ್ರಮೇಣ ಅನೇಕ ಮನೆಗಳಲ್ಲಿ ಅದು ಸೋರತೊಡಗಿ, ನೆಲದ ಬಿಸಿಯ ಮೇಲೆಯೇ ಜನರ ನಂಬಿಕೆ ಕುಸಿದಿತ್ತು. ಪೆಕ್ಸ್ ಬಂದ ಮೇಲೆ ಆ ಭಯಕ್ಕೆ ಹೆಚ್ಚಿನ ಆಧಾರ ಉಳಿದಿಲ್ಲ.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾಗಿರುವುದು ಇನ್ಸುಲೇಷನ್ ಬಗ್ಗೆ. ಶಾಖ ಮೇಲಕ್ಕೇ ಏರುತ್ತದೆ, ಆದ್ದರಿಂದ ನೆಲದ ಕೆಳಗೆ ಹಲಗೆ ಹಾಕುವುದು ವ್ಯರ್ಥ ಖರ್ಚು ಎಂಬ ಮಾತನ್ನು ನಮ್ಮ ಗುತ್ತಿಗೆದಾರರೂ ಹೇಳಿದ್ದರು. ಬಿಸಿ ಗಾಳಿ ಮೇಲೇರುವುದು ನಿಜ. ಆದರೆ ಘನ ವಸ್ತುವಿನಲ್ಲಿ ಶಾಖ ತಣ್ಣಗಿರುವ ಕಡೆಗೆ ಹರಿಯುತ್ತದೆ, ಅದಕ್ಕೆ ಮೇಲು ಕೆಳಗು ಎಂಬುದಿಲ್ಲ. ಮಿನೆಸೋಟದ ಕಟ್ಟಡ ನಿಯಮಗಳ ಪ್ರಕಾರ ಮಣ್ಣು ಹೆಪ್ಪುಗಟ್ಟುವ ಆಳ ದಕ್ಷಿಣದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು, ಅಡಿಪಾಯ ಅದಕ್ಕಿಂತ ಮೇಲೆ ನಿಲ್ಲುವಂತಿಲ್ಲ. ಅಂಥ ನೆಲದಲ್ಲಿ ಗ್ಯಾರೇಜಿನ ಅಂಚುಗಳ ಪಕ್ಕದ ಮಣ್ಣು ಚಳಿಗಾಲವಿಡೀ ಕಲ್ಲಿನಂತಿರುತ್ತದೆ. ಅಂಚಿನಲ್ಲಿ ತಡೆಯಿಲ್ಲದಿದ್ದರೆ ನಾವು ಹಣ ಕೊಟ್ಟು ಕಾಯಿಸಿದ ನೀರಿನ ಶಾಖ ಸಾಕಷ್ಟು ಆ ಮಣ್ಣಿಗೆ ಹೋಗುತ್ತದೆ. ಎಕ್ಸ್‌ಪಿಎಸ್ ಎಂದು ಕರೆಯುವ, ಭಾರ ತಾಳಬಲ್ಲ ಗಟ್ಟಿ ಫೋಮ್ ಹಲಗೆಯನ್ನು ಎರಡು ಇಂಚು ದಪ್ಪಕ್ಕೆ ನೆಲದಡಿ ಪೂರ್ತಿ ಹಾಸಿ, ನಾಲ್ಕೂ ಅಂಚುಗಳಲ್ಲಿ ನಿಲ್ಲಿಸಿ ಕೂರಿಸಬೇಕು. ಕಾರುಗಳ ಭಾರಕ್ಕೆ ಅದು ಕುಸಿದೀತೆಂಬ ಆತಂಕ ಬೇಡ, ಕಾಂಕ್ರೀಟ್ ಆ ಭಾರವನ್ನು ಅಗಲಕ್ಕೆ ಹಂಚಿಬಿಡುತ್ತದೆ. ದೊಡ್ಡ ಬಾಗಿಲಿನ ಹೊಸ್ತಿಲಿನಲ್ಲಿ ಗ್ಯಾರೇಜಿನ ನೆಲವೂ ಹೊರಗಿನ ಕಾಂಕ್ರೀಟ್ ಹಾದಿಯೂ ಒಂದಕ್ಕೊಂದು ತಾಗದಂತೆ ನಡುವೆ ಹಲಗೆಯ ತುಂಡನ್ನು ಇಡಿಸುವುದು ಅತ್ಯಗತ್ಯ. ಬಹಳಷ್ಟು ಕಡೆ ಬಿಟ್ಟುಹೋಗುವುದು ಇದೊಂದೇ ತುಂಡು.

ಕಾಂಕ್ರೀಟ್ ಸುರಿಯುವ ದಿನ ಮನೆಯವರಲ್ಲಿ ಒಬ್ಬರು ಸ್ಥಳದಲ್ಲಿರಬೇಕು. ಪೈಪುಗಳನ್ನು ಕಬ್ಬಿಣದ ಜಾಲರಿಗೆ ಕಟ್ಟಿ, ಅವುಗಳಲ್ಲಿ ಗಾಳಿಯ ಒತ್ತಡ ತುಂಬಿ, ಪೈಪಿನ ಸುತ್ತುಗಳ ತುದಿಗಳೆಲ್ಲ ಬಂದು ಸೇರುವ, ಗೋಡೆಯ ಬಳಿಯ ಮ್ಯಾನಿಫೋಲ್ಡಿನಲ್ಲಿ ಒತ್ತಡ ತೋರಿಸುವ ಒಂದು ಮಾಪಕ ಕೂರಿಸಿರುತ್ತಾರೆ. ಕೆಲಸಗಾರರು ರಬ್ಬರ್ ಬೂಟು ತೊಟ್ಟು ಪೈಪುಗಳ ಮೇಲೆಯೇ ಓಡಾಡುತ್ತಾರೆ, ಹಸಿ ಕಾಂಕ್ರೀಟಿನೊಳಗೆ ಕೊಕ್ಕೆ ಇಳಿಸಿ ಜಾಲರಿಯನ್ನು ಮೇಲೆತ್ತುತ್ತಾರೆ. ಪೈಪಿಗೆ ಪೆಟ್ಟು ಬೀಳುವುದು ಈ ಹೊತ್ತಿನಲ್ಲಿಯೇ. ಮಾಪಕದ ಮುಳ್ಳು ತಟ್ಟನೆ ಕೆಳಗಿಳಿದರೆ ಕೆಲಸ ನಿಲ್ಲಿಸಿ, ಕಾಂಕ್ರೀಟ್ ಇನ್ನೂ ಹಸಿಯಾಗಿರುವಾಗಲೇ ಹುಡುಕಿ ಸರಿಪಡಿಸಬಹುದು. ಮರುದಿನ ಗೊತ್ತಾದರೆ ನೆಲ ಒಡೆಯದೆ ಸರಿಪಡಿಸಲಾಗದು. ಬಿರುಕು ಅಡ್ಡಾದಿಡ್ಡಿ ಹರಡದಂತೆ ನೆಲದಲ್ಲಿ ಗರಗಸದಿಂದ ಗೆರೆ ಕೊಯ್ಯುವಾಗ ಅದು ಸಾಮಾನ್ಯವಾಗಿ ನೆಲದ ದಪ್ಪದ ಕಾಲು ಭಾಗದಷ್ಟು ಇಳಿಯುತ್ತದೆ, ಪೈಪು ಅದಕ್ಕಿಂತ ಸಾಕಷ್ಟು ಕೆಳಗಿರಬೇಕು. ಸುರಿಯುವ ಹಿಂದಿನ ದಿನ, ಗೋಡೆಯಿಂದ ಪ್ರತಿ ಪೈಪಿನ ದೂರ ಕಾಣುವಂತೆ ಅಳತೆಪಟ್ಟಿ ಹಾಸಿ ಫೋಟೋ ತೆಗೆದಿಟ್ಟುಕೊಳ್ಳುವುದೂ ಅಷ್ಟೇ ಮುಖ್ಯ. ಕಾರೆತ್ತುವ ಲಿಫ್ಟನ್ನೋ ಕಪಾಟನ್ನೋ ಬೋಲ್ಟ್ ಹಾಕಿ ನೆಲಕ್ಕೆ ಬಿಗಿಯಲು ಹೋಗಿ ಪೈಪು ತೂತಾದರೆ ಮತ್ತೆ ನೆಲ ಒಡೆಯುವುದೇ ಗತಿ.

ಸುರಕ್ಷತೆಯ ಮಾತನ್ನು ಲೇಖನ ಮುಟ್ಟಿಯೇ ಇಲ್ಲ. ಮನೆಯ ಬಿಸಿಗಾಳಿಯ ಕೊಳವೆಯನ್ನು ಗ್ಯಾರೇಜಿಗೂ ತೆರೆದುಬಿಟ್ಟರೆ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಅಮೆರಿಕದ ವಸತಿ ಕಟ್ಟಡ ಸಂಹಿತೆ ಅದನ್ನು ನಿಷೇಧಿಸುತ್ತದೆ, ಅದಕ್ಕೆ ಕಾರಣವೂ ಗಂಭೀರವಾದುದು: ಕಾರಿನ ಕಾರ್ಬನ್ ಮಾನಾಕ್ಸೈಡ್ ಅದೇ ಕೊಳವೆಗಳ ಮೂಲಕ ಮಲಗುವ ಕೋಣೆಗೆ ಬರಬಹುದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿ ನೆಲದ ಮಟ್ಟದಲ್ಲಿ ನಿಲ್ಲುವುದರಿಂದ, ಗ್ಯಾರೇಜಿನಲ್ಲಿ ಕಿಡಿ ಹೊತ್ತಿಸುವ ಸಾಧನಗಳು ನೆಲದಿಂದ 18 ಇಂಚು ಮೇಲಿರಬೇಕೆಂಬ ನಿಯಮವೂ ಇದೆ. ನೆಲದ ಬಿಸಿಯಲ್ಲಿ ಬಾಯ್ಲರ್ ಮನೆಯೊಳಗಿನ ಯಂತ್ರಗಳ ಕೋಣೆಯಲ್ಲಿ ಉಳಿಯಬಹುದು. ಗ್ಯಾರೇಜಿನಲ್ಲಿ ಜ್ವಾಲೆಯೂ ಇರುವುದಿಲ್ಲ, ಗಾಳಿ ಊದುವ ಫ್ಯಾನೂ ಇರುವುದಿಲ್ಲ. ನಾನು ಈ ವ್ಯವಸ್ಥೆಯನ್ನು ಆರಿಸಿದ್ದು ಮೊದಲಿಗೆ ಇದೇ ಕಾರಣಕ್ಕೆ.

ಇದು ಎಲ್ಲರಿಗೂ ಬೇಕೆಂದು ನಾನು ಹೇಳುತ್ತಿಲ್ಲ. ಟೆಕ್ಸಾಸಿನಲ್ಲೋ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲೋ ಇರುವವರಿಗೆ ಇದರ ಅಗತ್ಯ ಕಾಣದು. ಗ್ಯಾರೇಜಿನ ಬಾಗಿಲಿಗೂ ಗೋಡೆಗೂ ಇನ್ಸುಲೇಷನ್ ಇಲ್ಲದವರು ಮೊದಲು ಅದಕ್ಕೆ ಖರ್ಚು ಮಾಡಬೇಕು. ಈ ನೆಲ ನಿಧಾನ ಸ್ವಭಾವದ್ದು, ಬಿಸಿಯಾಗಲು ಹಲವು ಗಂಟೆ ಹಿಡಿಯುತ್ತದೆ. ಆದ್ದರಿಂದ ಸಂಜೆ ಏರಿಸಿ ಬೆಳಿಗ್ಗೆ ಇಳಿಸುವುದರಿಂದ ಲಾಭವಿಲ್ಲ, ಗ್ಯಾರೇಜನ್ನು 10 ಡಿಗ್ರಿಯ ಆಸುಪಾಸಿನಲ್ಲಿ ಸ್ಥಿರವಾಗಿಟ್ಟರೆ ಸಾಕು. ಇನ್ನೊಂದು ನಿಜವನ್ನೂ ಹೇಳಲೇಬೇಕು. ರಸ್ತೆಗೆ ಎರಚಿದ ಉಪ್ಪು ಕಾರಿಗೆ ಅಂಟಿ ಬಂದು ಬೆಚ್ಚಗಿನ ಗ್ಯಾರೇಜಿನಲ್ಲಿ ಕರಗಿದಾಗ ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ. ನೀರು ನಿಲ್ಲದಂತೆ ನೆಲ ಇಳಿಜಾರಾಗಿರಬೇಕು, ಕಾರಿನ ತಳವನ್ನು ಆಗಾಗ ತೊಳೆಸಬೇಕು.

ಹಾಗಿದ್ದರೂ ಇಲ್ಲಿನ ನಮ್ಮವರ ಅನೇಕ ಮನೆಗಳಲ್ಲಿ ಊರಿನಿಂದ ಬರುವ ತಂದೆತಾಯಿಯರು ಮಲಗುವ ಅತಿಥಿ ಕೋಣೆ ಗ್ಯಾರೇಜಿನ ಮೇಲೆಯೇ ಇರುತ್ತದೆ. ಜನವರಿಯಲ್ಲಿ ರಾತ್ರಿಯ ಉಷ್ಣಾಂಶ ಮೈನಸ್ 20 ಡಿಗ್ರಿಗಿಂತ ಕೆಳಗಿಳಿದಾಗ ಆ ಕೋಣೆಯ ನೆಲದ ಮೇಲೆ ಬರಿಗಾಲಿಡಲಾಗುವುದಿಲ್ಲ. ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ಮಂಡಿನೋವಿನ ಹಿರಿಯರಿಗೆ ಕೆಳಗಿನ ಗ್ಯಾರೇಜು ಬೆಚ್ಚಗಿರುವುದು ಐಷಾರಾಮವಲ್ಲ.

ವಿದ್ಯುತ್ ಕಡಿತವಾದಾಗ ಪೈಪಿನ ನೀರು ಹೆಪ್ಪುಗಟ್ಟದಿರಲು ಪ್ರೊಪಿಲೀನ್ ಗ್ಲೈಕಾಲ್ ಬೆರೆಸುವುದು ರೂಢಿ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷಕಾರಿ, ಅದನ್ನು ಇಲ್ಲಿ ಬಳಸಬಾರದು.

ಇಲ್ಲಿ ಹಿಮ ಕರಗುತ್ತಿದ್ದಂತೆಯೇ ಹೊಸ ಮನೆಗಳ ಅಡಿಪಾಯದ ಕೆಲಸ ಶುರುವಾಗುತ್ತದೆ, ಆ ಹೊತ್ತಿಗಾಗಲೇ ಒಪ್ಪಂದಗಳಿಗೆ ಸಹಿ ಬಿದ್ದಿರುತ್ತದೆ. ನಿಮ್ಮ ಲೇಖನವನ್ನು ಓದಿ, ಮುಂದೆ ನೋಡಿಕೊಂಡರಾಯಿತು ಎಂದು ಸುಮ್ಮನಾಗುವ ಕುಟುಂಬಗಳು ಇರಬಹುದು. ಆದ್ದರಿಂದ ಆ ಒಂದು ವಾಕ್ಯಕ್ಕೆ ಮುಂದಿನ ಪುರವಣಿಯಲ್ಲಿಯೇ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಮಿನೆಸೋಟದ ಓರ್ವ ಓದುಗ