ಗಾಳಿ ಬದಲಾದರೆ ಫ್ಲ್ಯಾಶ್ ಪಾಯಿಂಟ್ ಏನಾಗುತ್ತದೆ?

ಚಿ. ಅನಘಾಗೆ ಆಶೀರ್ವಾದಗಳು.

ಫ್ಲ್ಯಾಶ್ ಪಾಯಿಂಟ್ ಎಂದರೆ ಜ್ವಾಲೆ ತೋರಿಸಿದಾಗ ದ್ರವದ ಆವಿ ಕ್ಷಣಕಾಲ ಹೊತ್ತಿಕೊಳ್ಳುವ ಅತಿ ಕಡಿಮೆ ಉಷ್ಣತೆ. ಬೇರೆ ಬೇರೆ ಅನಿಲಗಳಲ್ಲಿ ಅದನ್ನು ಅಳೆಯುವ ಮೊದಲು ಬರಿಯ ಗಾಳಿಯಲ್ಲಿ ಕೈ ಪಳಗಿಸಿಕೋ, ಮಗಳೇ. ಪೆನ್ಸ್ಕಿ-ಮಾರ್ಟೆನ್ಸ್ ಕಪ್ಪಿಗೆ (ಇದನ್ನು ಅಳೆಯುವ ಮುಚ್ಚಳವಿರುವ ಕಪ್ಪು) ಒಳಗಿನ ಗುರುತಿನ ತನಕ ಮಾತ್ರ ದ್ರವ ಹಾಕು. ಬಿಸಿ ನಿಮಿಷಕ್ಕೆ 5–6 ಡಿಗ್ರಿ ಸೆಲ್ಸಿಯಸ್ ಏರಲಿ, ಕಲಕುವ ರೆಕ್ಕೆ 90–120 ಸುತ್ತು ತಿರುಗಲಿ. ನಿರೀಕ್ಷಿತ ಫ್ಲ್ಯಾಶ್ ಪಾಯಿಂಟಿಗಿಂತ ಸುಮಾರು 23 ಡಿಗ್ರಿ ಕೆಳಗಿನಿಂದಲೇ ಜ್ವಾಲೆ ತೋರಿಸಲು ಶುರುಮಾಡು. 110 ಡಿಗ್ರಿಯ ತನಕ ಪ್ರತಿ ಡಿಗ್ರಿಗೊಮ್ಮೆ, ಕಲಕುವುದನ್ನು ನಿಲ್ಲಿಸಿ ಜ್ವಾಲೆ ತೋರಿಸು. ಮೊದಲ ಸಲವೇ ಹೊತ್ತಿಕೊಂಡರೆ ಆ ಮಾದರಿ ಬಿಟ್ಟು ಹೊಸದು ತೆಗೆದುಕೋ. ಜ್ವಾಲೆಯ ಸುತ್ತ ನೀಲಿ ಪ್ರಭೆ ಕಂಡ ಮಾತ್ರಕ್ಕೆ ಬರೆದುಕೊಳ್ಳಬೇಡ. ಬೆಂಕಿ ದ್ರವದ ಮೇಲ್ಮೈಗೆಲ್ಲ ಹರಡಬೇಕು.

ಒತ್ತಡ ಇಳಿದರೆ ಫ್ಲ್ಯಾಶ್ ಪಾಯಿಂಟೂ ಇಳಿಯುತ್ತದೆ. 101.3ರಿಂದ ಅಲ್ಲಿನ ಒತ್ತಡವನ್ನು ಕಿಲೋಪ್ಯಾಸ್ಕಲ್‌ನಲ್ಲಿ ಕಳೆದು, 0.25ರಿಂದ ಗುಣಿಸಿ, ಅಳೆದ ಅಂಕಿಗೆ ಕೂಡಿಸು. 91.3 ಇದ್ದರೆ 2.5 ಡಿಗ್ರಿ. ಹವಾಮಾನ ವರದಿಯ ಅಂಕಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು, ಅದನ್ನು ಬಳಸಲೇಬೇಡ. ನಿರ್ವಾತಕ್ಕೆ ಹತ್ತಿರದ ಒತ್ತಡಗಳಿಗೆ ಈ ಲೆಕ್ಕ ಸಲ್ಲದು.

ಆಮ್ಲಜನಕ ಹೆಚ್ಚಿಸಿದರೆ ಫ್ಲ್ಯಾಶ್ ಪಾಯಿಂಟ್ ಧಡಕ್ಕನೆ ಕುಸಿಯುತ್ತದೆಂದು ಅನೇಕರು ಎಣಿಸುತ್ತಾರೆ. ಅದು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಆ ಉಷ್ಣತೆಯಲ್ಲಿ ಕೊರತೆ ಇರುವುದು ಆವಿಗೆ. ಆಮ್ಲಜನಕ ಗಾಳಿಯಲ್ಲೇ ಬೇಕಾದ್ದಕ್ಕಿಂತ ಹೆಚ್ಚಿರುತ್ತದೆ. ಅಂಕಿ ಬದಲಾಗಲಿಲ್ಲವೆಂದು ಮಾತ್ರ ಮೈಮರೆಯಬೇಡ. ಹೊತ್ತಿಸಲು ತೀರಾ ಸಣ್ಣ ಕಿಡಿ ಸಾಕು, ಉರಿಯ ವೇಗ, ಕಾವು ಎರಡೂ ಹೆಚ್ಚು, ದಹನದ ಗರಿಷ್ಠ ಮಿತಿಯೂ (ಆವಿಯ ಪ್ರಮಾಣ ಇದನ್ನು ಮೀರಿದರೆ ಹೊತ್ತದು) ಬಹಳ ಮೇಲೇರುತ್ತದೆ. ಉಪಕರಣದಲ್ಲಿ ಗ್ರೀಸಿನ ಲೇಶವೂ ಇರಕೂಡದು.

ಸಾರಜನಕ ಬೆರೆಸುತ್ತಾ ಹೋದಾಗಲೂ ಅಂಕಿ ಬಹಳ ಹೊತ್ತು ಅಷ್ಟಾಗಿ ಅಲುಗದು. ಆಮ್ಲಜನಕ ಅನೇಕ ಹೈಡ್ರೋಕಾರ್ಬನ್‌ಗಳಿಗೆ ಸುಮಾರು 10–12 ಶೇಕಡಾಕ್ಕೆ ಇಳಿದ ಮೇಲೆ ಎಷ್ಟು ಕಾಯಿಸಿದರೂ ಹೊತ್ತದು. ಇಂಗಾಲದ ಡೈಆಕ್ಸೈಡ್ ಹೆಚ್ಚು ಶಾಖ ಹೀರುವುದರಿಂದ ಆ ಗಡಿ ಇನ್ನೂ ಮೊದಲೇ ಬರುತ್ತದೆ.

ಇಲ್ಲಿಯೇ ಮೋಸಹೋಗುವುದು: ಆಮ್ಲಜನಕ ಕಡಿಮೆಯಾದಾಗ ಪರೀಕ್ಷಾ ಜ್ವಾಲೆಯೇ ನಂದುತ್ತದೆ, ದ್ರವ ಹೊತ್ತಲಿಲ್ಲವೆಂದು ಬರೆದುಬಿಡುತ್ತಾರೆ. ವಿದ್ಯುತ್ ಕಿಡಿಯನ್ನೋ ಕಾದ ತಂತಿಯನ್ನೋ ಬಳಸು, ಮತ್ತು ಎಲ್ಲ ಅನಿಲಗಳಿಗೂ ಅದೇ ಇರಲಿ. ಮುಚ್ಚಳದ ಕಿಂಡಿ ತೆರೆದಾಗಲೆಲ್ಲ ಹೊರಗಿನ ಗಾಳಿ ನುಗ್ಗುತ್ತದೆ, ಆದ್ದರಿಂದ ಇಡೀ ಉಪಕರಣ ಮುಚ್ಚಿದ ಪೆಟ್ಟಿಗೆಯೊಳಗಿರಲಿ, ಆಮ್ಲಜನಕದ ಸೆನ್ಸರ್ ಕಪ್ಪಿನ ಪಕ್ಕದಲ್ಲಿರಲಿ. ಅನಿಲ ತುಂಬಿಸುವುದೆಲ್ಲ ದ್ರವ ಹಾಕುವ ಮೊದಲೇ ಮುಗಿಯಬೇಕು. ಆಮೇಲೆ ಹರಿಸಿದರೆ ಹಗುರ ಆವಿ ಕೊಚ್ಚಿಹೋಗಿ ಫಲಿತಾಂಶ ಸುಳ್ಳಾಗಿ ಮೇಲೇರುತ್ತದೆ. ಒತ್ತಡವನ್ನೂ ಪೆಟ್ಟಿಗೆಯೊಳಗೇ ಅಳೆ.

ನಿನ್ನ ದೊಡ್ಡಪ್ಪ